ಧೂಳಿಲ್ಲದ ಪೆಟ್ಟಿಗೆ

ಬಿಸಿಯಾದ ಧೂಳಿಗೆ ಒಂದು ವಾಸನೆಯಿದೆ. ನನ್ನ ತಂದೆ ರೇಡಿಯೋ ರಿಪೇರಿ ಮಾಡುತ್ತಿದ್ದರು. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ರೇಡಿಯೋವನ್ನು ಯಾರಾದರೂ ತಂದುಕೊಟ್ಟರೆ ಮೊದಲು ಅದರ ಗುಂಡಿ ತಿರುಗಿಸಿ, ಮೂಗನ್ನು ಅದರ ಬೆನ್ನಿನ ಹತ್ತಿರ ಒಯ್ಯುತ್ತಿದ್ದರು. ಒಳಗಿನ ಗಾಜಿನ ಕೊಳವೆಗಳು ಕೆಂಪಗೆ ಕಾಯುತ್ತಿದ್ದಂತೆ ಅವುಗಳ ಮೇಲೆ ಕೂತ ಧೂಳು ಸುಡುತ್ತಿತ್ತು. ಹಳೆಯ ಪುಸ್ತಕವನ್ನು ಒಲೆಯ ಪಕ್ಕ ಇಟ್ಟು ಮರೆತಂಥ ವಾಸನೆ. “ಇದನ್ನ ಯಾರೂ ಬಿಚ್ಚಿಲ್ಲ ಮಗಳೇ. ಬಿಚ್ಚಿದ್ರೆ ಈ ವಾಸನೆ ಬರ್ತಿರಲಿಲ್ಲ” ಎನ್ನುತ್ತಿದ್ದರು.

ಅರವತ್ತು ವರ್ಷಗಳ ಮೇಲೆ ಅದೇ ವಾಸನೆಗಾಗಿ ನಾನು ನೀರು ಪರೀಕ್ಷಾಲಯದ ಮೂಲೆಯ ಮೇಜಿನ ಮುಂದೆ ಮೂಗು ಚಾಚಿ ಕೂತಿದ್ದೆ. ಹಳೆಯ ಕಂಪ್ಯೂಟರ್ ಗರಗರ ಎಂದಿತು. ಫ್ಯಾನ್ ತಿರುಗಿತು. ಹಸಿರು ದೀಪ ಹತ್ತಿತು. ಪೆಟ್ಟಿಗೆಯ ಹೊರಮೈ ಮೇಲೆ ಬೆರಳಿನಲ್ಲಿ ಹೆಸರು ಬರೆಯಬಹುದಾದಷ್ಟು ಧೂಳು.

ವಾಸನೆ ಮಾತ್ರ ಬರಲಿಲ್ಲ.

“ನಿನಗೇನಾದ್ರೂ ವಾಸನೆ ಬಂತೇನೋ?”

ಪಕ್ಕದಲ್ಲಿ ಮಂಡಿಯೂರಿದ್ದ ಬೆಸುಗೆ ತಲೆ ಎತ್ತಲಿಲ್ಲ. “ಏನೂ ಇಲ್ಲ, ಟೀಚರ್.”

ಅವನಿಗೆ ಆ ಹೆಸರು ಬಿದ್ದದ್ದು ನನ್ನ ತರಗತಿಯಲ್ಲಿ. ಮೊದಲ ದಿನವೇ ಬೆಸುಗೆ ಕಡ್ಡಿಯಿಂದ ಶಾಲೆಯ ಬೆಂಚು ಸುಟ್ಟಿದ್ದ. ಈಗ ನಲವತ್ತು ದಾಟಿದೆ, ಪೇಟೆಯ ತಿರುವಿನಲ್ಲಿ ರಿಪೇರಿ ಅಂಗಡಿಯಿದೆ, ಬೋರ್ಡಿನ ಮೇಲೂ ಅದೇ ಹೆಸರಿದೆ. ನಿನ್ನೆ ನಾನು ಫೋನ್ ಮಾಡಿದಾಗ “ಬರ್ತೀನಿ ಟೀಚರ್” ಎಂದಷ್ಟೇ ಹೇಳಿದ್ದ.

ಶಾಲೆಯ ತೊಟ್ಟಿಯ ನೀರು ‘ಕುಡಿಯಲು ಯೋಗ್ಯ’ ಎಂದು ಹನ್ನೆರಡನೆಯ ತಾರೀಖು ನನ್ನ ತಂಗಿಯ ಮಗಳೇ ಬರೆದಳು ಎಂಬುದಕ್ಕೆ ಈ ಪೆಟ್ಟಿಗೆಯೊಳಗಿನ ಒಂದು ಫೈಲು ಸಾಕ್ಷಿಯಾಗಿತ್ತು. ತಾನು ‘ಅಯೋಗ್ಯ’ ಎಂದೇ ಬರೆದಿದ್ದೆ ಎಂಬುದು ಅವಳ ಮಾತು. ಆ ನೀರು ಕುಡಿದ ನಲವತ್ತೊಂದು ಮಕ್ಕಳು ಆಸ್ಪತ್ರೆ ಸೇರಿದ್ದರು. ಮಧ್ಯಾಹ್ನ ಮೂರಕ್ಕೆ ವಿಚಾರಣೆ. ಅಷ್ಟರೊಳಗೆ ನಾವು ಆ ಫೈಲನ್ನು ಕಣ್ಣಾರೆ ನೋಡಬೇಕಿತ್ತು. ನೋಡದಿದ್ದರೆ ಅವಳ ಕೆಲಸ ಹೋಗುತ್ತಿತ್ತು. ಕೆಲಸ ಹೋಗಲಿ, ಇನ್ನೊಂದು ಸಿಕ್ಕೀತು. ಮಕ್ಕಳಿಗೆ ಕೆಟ್ಟ ನೀರು ಕುಡಿಸಿದವಳು ಎಂಬ ಹೆಸರನ್ನು ಯಾವ ಸೋಪಿನಲ್ಲಿ ತೊಳೆಯುವುದು?

ಅವಳು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಬರಕೂಡದು ಎಂದು ಅಪ್ಪಣೆ. ಸರಿ, ಒಪ್ಪಿದೆ. ಆದರೆ ಕೂರಲು ಒಂದು ಕುರ್ಚಿಯನ್ನಾದರೂ ಹೊರಗೆ ಹಾಕಬಾರದೆ? ಒಂಬತ್ತು ವರ್ಷ ಈ ಊರಿನ ನೀರನ್ನೆಲ್ಲ ಮೂಸಿ, ಅಳೆದು, ಬರೆದ ಹುಡುಗಿ. ಇಲ್ಲಿರುವ ಎಂಟು ಕುರ್ಚಿಗಳಲ್ಲಿ ಆರು ಖಾಲಿಯಿದ್ದವು.

ಖಾಲಿಯಿಲ್ಲದ ಎರಡರಲ್ಲಿ ಒಂದರ ಮೇಲೆ ನಾನು. ಇನ್ನೊಂದರ ಮೇಲೆ ನಮ್ಮ ಕಾವಲಿಗೆ ಕೂರಿಸಿದ್ದ ಗುಮಾಸ್ತರು. ಕಚೇರಿಯವರೆಲ್ಲ ಅವರನ್ನು ‘ಯಥಾಪ್ರತಿ’ ಎನ್ನುತ್ತಾರೆ. ಯಾರು ಏನೇ ಹೇಳಲಿ, ಕೆಮ್ಮಿದರೆ ಕೆಮ್ಮನ್ನೂ ಸೇರಿಸಿ, ಇದ್ದದ್ದು ಇದ್ದ ಹಾಗೆ ಬರೆದಿಡುವ ಮನುಷ್ಯ. ನಾನು ಬಂದು ಕೂತ ಕೂಡಲೇ ಫ್ಯಾನನ್ನು ನನ್ನ ಕಡೆ ತಿರುಗಿಸಿದ್ದರು. ಲೋಟವನ್ನು ಎರಡು ಸಲ ತೊಳೆದು ನೀರು ಕೊಟ್ಟಿದ್ದರು. ಅವರ ಕೀಲಿಗೊಂಚಲು ಮೇಜಿನ ಮೇಲೆ, ಪುಸ್ತಕದ ಪಕ್ಕ ಇತ್ತು.

“ಹತ್ತೂವರೆ. ಯಂತ್ರ ಚಾಲೂ ಮಾಡಲಾಯಿತು. ಟೀಚರಮ್ಮನವರು ಮೂಸಿದರು,” ಎಂದು ಓದಿಕೊಳ್ಳುತ್ತಾ ಬರೆದರು.

“ಮೂಸಿದ್ದನ್ನೂ ಬರೀತೀರಾ?”

“ಏನು ನಡೆದ್ರೂ ಬರೀಬೇಕು ಅಂತ ಆದೇಶ ಇದೆಯಲ್ಲಮ್ಮಾ.”

ಪರದೆ ಕಪ್ಪಾಗಿಯೇ ಉಳಿಯಿತು. ಮೂಲೆಯಲ್ಲಿ ಬಿಳಿಯ ಅಕ್ಷರಗಳ ಒಂದು ಸಾಲು ಮಾತ್ರ ಮೂಡಿ ನಿಂತಿತು. ಏಳುವುದಕ್ಕೆ ಬೇಕಾದದ್ದು ಎಲ್ಲೂ ಸಿಗಲಿಲ್ಲ ಎಂದು ಅದರ ಅರ್ಥ.

“ಡಿಸ್ಕ್ ಇದೆ. ಅದರೊಳಗೆ ಕಂಪ್ಯೂಟರನ್ನ ಎಬ್ಬಿಸೋ ಭಾಗ ಕೆಟ್ಟಿದೆ,” ಎಂದ ಬೆಸುಗೆ. “ಪೆನ್‌ಡ್ರೈವ್‌ನಿಂದ ಎಬ್ಬಿಸಿದ್ರೆ ಡಿಸ್ಕಿಗೆ ಒಂದಕ್ಷರಾನೂ ಬರೀದೇನೇ ಒಳಗಿರೋದನ್ನ ಓದಬಹುದು. ಆದ್ರೆ ಪೆನ್‌ಡ್ರೈವನ್ನ ತಿರುಗಿಯೂ ನೋಡ್ತಿಲ್ಲ ಇದು.”

“ಯಾಕಂತೆ?”

“ಹಳೇ ತಲೆ ಟೀಚರ್. ಇದು ಹುಟ್ಟಿದ ಕಾಲದಲ್ಲಿ ಪೆನ್‌ಡ್ರೈವ್ ಅಂದ್ರೆ ಅಪರೂಪದ ನೆಂಟ. ಬಾಗಿಲು ತಟ್ಟಿದ್ರೂ ಯಾರು ಅಂತ ಗುರುತು ಹತ್ತಲ್ಲ.”

“ಹಳೇ ತಲೆ ಅಂತ ಯಾರಿಗೆ ಹೇಳ್ತಿದೀಯ ನೋಡ್ಕೋ.”

ಅವನು ನಕ್ಕ. ಪೂರ್ತಿ ನಗಲಿಲ್ಲ. ಹೊಸ ಪೆನ್‌ಡ್ರೈವನ್ನು ಕಿತ್ತು, ಚೀಲದಿಂದ ಎರಡು ಜಿಬಿಯ ಹಳೆಯದೊಂದನ್ನು ತೆಗೆದ. ಹಳೆಯ ಕಂಪ್ಯೂಟರುಗಳಿಗೆ ದೊಡ್ಡ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ, ಚಿಕ್ಕದನ್ನು ಹಳೆಯ ಕ್ರಮದಲ್ಲೇ ಸಿದ್ಧಮಾಡಿ ತಂದಿದ್ದೇನೆ ಎಂದ. ಮುಂದಿನ ಕಿಂಡಿ ಬಿಟ್ಟು ಪೆಟ್ಟಿಗೆಯ ಹಿಂದಕ್ಕೆ ಕೈ ಹಾಕಿ, ನೋಡದೆಯೇ, ತಡವರಿಸದೆಯೇ, ಎಡಗಡೆಯ ಕೆಳಗಿನ ಕಿಂಡಿಗೆ ಅದನ್ನು ಸಿಕ್ಕಿಸಿದ. ಕರೆಂಟ್ ಆರಿಸಿ ಮತ್ತೆ ಹಾಕಿದ.

ಪೆನ್‌ಡ್ರೈವಿನ ಪುಟ್ಟ ದೀಪ ಎರಡು ಸಲ ಮಿನುಗಿತು. ಪರದೆಯ ಮೇಲೆ ಮತ್ತೆ ಅದೇ ಸಾಲು.

“ದೀಪ ಹತ್ತಿತಲ್ಲ!”

“ಹತ್ತಿತು. ಅಂದ್ರೆ ಈಗ ಗುರುತು ಸಿಕ್ಕಿದೆ. ಒಳಗೆ ಬಿಡ್ತಿಲ್ಲ ಅಷ್ಟೆ. ಯಾವುದರಿಂದ ಮೊದಲು ಏಳಬೇಕು ಅನ್ನೋ ಪಟ್ಟಿಯಿಂದ ಪೆನ್‌ಡ್ರೈವನ್ನ ಯಾರೋ ತೆಗೆದಿರಬೇಕು.” ಅವನು ಮತ್ತೆ ಕರೆಂಟ್ ಆರಿಸಿ ಹಾಕಿ, ಕೂಡಲೇ ಕೀಬೋರ್ಡಿನ ಒಂದು ಗುಂಡಿಯನ್ನು ಪಟಪಟನೆ ಒತ್ತಿದ. ನೀಲಿ ಪರದೆ ಬಂತು. ಅದರ ನಡುವೆ ಒಂದು ಕೆಂಪು ಚೌಕ.

ಪಾಸ್‌ವರ್ಡ್ ಕೇಳುತ್ತಿತ್ತು.

ನಾನು ಯಥಾಪ್ರತಿಯವರ ಕಡೆ ತಿರುಗಿದೆ. “ಇದಕ್ಕೆ ಪಾಸ್‌ವರ್ಡ್ ಇತ್ತೇನು?”

“ನನಗೆ ತಿಳಿದ ಮಟ್ಟಿಗೆ ಇರಲಿಲ್ಲಮ್ಮಾ.” ಅವರು ಅದನ್ನೂ ಬರೆದರು.

ನಾನು ಕಿಟಕಿಯ ಹತ್ತಿರ ಹೋಗಿ ಕೂಗಿದೆ. “ಮಗಳೇ, ಕಂಪ್ಯೂಟರ್ ಶುರು ಮಾಡೋವಾಗ ಪಾಸ್‌ವರ್ಡ್ ಕೇಳ್ತಿತ್ತಾ?”

“ಇಲ್ಲ ದೊಡ್ಡಮ್ಮಾ! ತಾರೀಖು ಮಾತ್ರ ಕೇಳ್ತಿತ್ತು. ದಿನಾ ಬೆಳಗ್ಗೆ. ಹೇಳಿದ್ನಲ್ಲ, ಅದಕ್ಕೆ ನಿನ್ನೆ ಮೊನ್ನೆದು ಏನೂ ನೆನಪಿರ್ತಿರಲಿಲ್ಲ.”

ಹೇಳಿದ್ದಳು. ನನಗೆ ಹೇಳಿದ್ದಳು, ವಿಚಾರಣೆಯವರಿಗೂ ಬರೆದುಕೊಟ್ಟಿದ್ದಳು. ಈ ಕಂಪ್ಯೂಟರಿನ ಗಡಿಯಾರ ಸತ್ತು ಏಳು ವರ್ಷವಾಗಿತ್ತಂತೆ. ರಾತ್ರಿ ಕರೆಂಟ್ ಆರಿಸಿದರೆ ಬೆಳಗ್ಗೆ ಅದು ಯಾವುದೋ ಓಬೀರಾಯನ ಕಾಲದ ಜನವರಿ ಒಂದಕ್ಕೆ ಹೋಗಿ ನಿಲ್ಲುತ್ತಿತ್ತು. ಯಾರು ಮೊದಲು ಬರುತ್ತಾರೋ ಅವರು ಗೋಡೆಯ ಕ್ಯಾಲೆಂಡರ್ ನೋಡಿ ಅಂದಿನ ತಾರೀಖನ್ನು ಕೈಯಾರೆ ತುಂಬಿ, ಪಕ್ಕದ ಪುಸ್ತಕದಲ್ಲಿ ಸಹಿ ಹಾಕಬೇಕು. ಹೊಸ ಕಂಪ್ಯೂಟರ್ ಬೇಡವೆ ಎಂದರೆ, ನೀರು ಅಳೆಯುವ ಯಂತ್ರ ಈ ಮುದುಕನ ಜೊತೆ ಮಾತ್ರ ಮಾತಾಡುತ್ತದೆ, ಬೇರೆಯವರ ಜೊತೆ ಠೂ ಬಿಟ್ಟಿದೆ ಎಂದು ನಗುತ್ತಿದ್ದಳು.

ಮುಖ್ಯಸ್ಥರು ಬರೆದುಕೊಟ್ಟದ್ದು ಬೇರೆ. ‘ಗಡಿಯಾರ ಸಮರ್ಪಕವಾಗಿದೆ. ಪುಸ್ತಕವೆಂಬುದು ಇರಲೇ ಇಲ್ಲ. ನೌಕರಳ ಹೇಳಿಕೆ ಕಟ್ಟುಕಥೆ.’

ಆ ‘ಕಟ್ಟುಕಥೆ’ ಓದಿದಂದಿನಿಂದ ನನ್ನ ಎದೆಯಲ್ಲಿ ಒಲೆ ಉರಿಯುತ್ತಲೇ ಇತ್ತು. ಈ ಕೋಣೆಗೆ ಬಂದಾಗ ನಾನು ಮೊದಲು ನೋಡಿದ್ದು ಕಂಪ್ಯೂಟರನ್ನಲ್ಲ, ಕ್ಯಾಲೆಂಡರನ್ನು. ಅದು ಮೇಜಿಗಿಂತ ಒಂದು ಗೇಣಷ್ಟೇ ಮೇಲೆ ನೇತುಬಿದ್ದಿತ್ತು. ನಿಂತವರು ಬಗ್ಗಿ ನೋಡಬೇಕು. ಇಷ್ಟು ದೊಡ್ಡ ಗೋಡೆಯಿರುವಾಗ ಯಾರಾದರೂ ಅಷ್ಟು ಕೆಳಗೆ ಮೊಳೆ ಹೊಡೆಯುತ್ತಾರೆಯೆ? ಕಂಪ್ಯೂಟರ್ ಮುಂದೆ ಕೂತವರ ಕಣ್ಣಿಗೆ ಅದು ದಿನಾ ಬೇಕಾಗಿದ್ದರೆ ಮಾತ್ರ ಹೊಡೆಯುತ್ತಾರೆ. ಪಕ್ಕದಲ್ಲೇ ಇನ್ನೊಂದು ಮೊಳೆಗೆ ದಾರದಲ್ಲಿ ಪೆನ್ಸಿಲ್ ಕಟ್ಟಿತ್ತು. ಪೆನ್ಸಿಲ್ ಇದೆ, ಅದು ಬರೆಯುತ್ತಿದ್ದ ಪುಸ್ತಕ ಇಲ್ಲ.

“ಈಗೇನು ಮಾಡೋದು?” ಎಂದೆ.

ಬೆಸುಗೆ ಪೆಟ್ಟಿಗೆಯ ತಿರುಪುಗಳನ್ನು ಬೆರಳಿನಿಂದ ಸವರಿದ. ಆಮೇಲೆ ಮೆಲ್ಲಗೆ, ಮಾತನ್ನು ನೆಲದ ಮೇಲೆ ಇಟ್ಟ ಹಾಗೆ ಹೇಳಿದ. “ಪೆಟ್ಟಿಗೆ ಬಿಚ್ಚಿ ಒಳಗಿನ ಸಣ್ಣ ಬ್ಯಾಟರಿ ತೆಗೆದ್ರೆ ಪಾಸ್‌ವರ್ಡ್ ಮರೆತುಹೋಗುತ್ತೆ, ಟೀಚರ್. ಹಳೇ ಕಂಪ್ಯೂಟರ್‌ಗಳಲ್ಲಿ ಹಾಗೆ.”

“ಬ್ಯಾಟರಿ ಸತ್ತು ಏಳು ವರ್ಷ ಆಗಿದ್ರೆ, ಪಾಸ್‌ವರ್ಡ್ ನೆನಪಿರೋದಾದ್ರೂ ಹೇಗೆ?”

ಅವನು ಚೀಲದಲ್ಲಿ ತಿರುಪುಳಿ ಹುಡುಕತೊಡಗಿದ. ಯಥಾಪ್ರತಿಯವರ ಪೆನ್ನು ಒಂದು ಕ್ಷಣ ನಿಂತು ಮತ್ತೆ ಓಡಿತು.

“ಬಿಚ್ಚಬಹುದಾ ಸಾರ್?” ಎಂದು ಅವರನ್ನೇ ಕೇಳಿದೆ.

ಅವರು ಆದೇಶದ ಕಾಗದ ತೆಗೆದು ಮೂರು ಸಲ ಓದಿದರು. “ಹೊರಗೆ ಒಯ್ಯುವಂತಿಲ್ಲ. ಡಿಸ್ಕ್ ಕಳಚುವಂತಿಲ್ಲ. ಬಿಚ್ಚುವಂತಿಲ್ಲ ಅಂತ ಬರೆದಿಲ್ಲಮ್ಮಾ. ಬರೆಯದೇ ಇದ್ದದ್ದನ್ನ ನಾನು ಹೇಗೆ ಓದಲಿ?”

ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಬೆಸುಗೆ ವೈರನ್ನು ಗೋಡೆಯಿಂದ ಕಿತ್ತು, ನಾಲ್ಕು ತಿರುಪು ಬಿಚ್ಚಿ, ಪಕ್ಕದ ತಗಡು ಸರಿಸಿ, ಒಳಗೆ ಅಡ್ಡಬಂದ ಯಾವುದೋ ದಾರವನ್ನು ಕಟರ್‌ನಿಂದ ಕತ್ತರಿಸಿಯಾಗಿತ್ತು.

ನಾನು ಬಗ್ಗಿ ನೋಡಿದೆ.

ಒಳಗೆ ತೊಳೆದಿಟ್ಟ ತಟ್ಟೆಯಂತಿತ್ತು! ಹೊರಗೆ ಅಷ್ಟು ಧೂಳು, ಒಳಗೆ ಒಂದು ಎಳೆ ಇಲ್ಲ. ಫ್ಯಾನಿನ ರೆಕ್ಕೆಗಳನ್ನು ಸಹ ಯಾರೋ ಒಂದೊಂದಾಗಿ ಒರೆಸಿದ್ದರು. ಕಳ್ಳ ಮನೆಗೆ ನುಗ್ಗಿ, ಕದ್ದು, ಹೋಗುವಾಗ ನೆಲ ಸಾರಿಸಿ ಹೋದ ಹಾಗೆ. ಒಳಗಿನ ಹಸಿರು ಬೋರ್ಡಿನ ಮೂಲೆಯಲ್ಲಿ ನಾಣ್ಯದಷ್ಟಗಲದ ಬ್ಯಾಟರಿ ಫಳಫಳ ಹೊಳೆಯುತ್ತಿತ್ತು.

ಬೆಸುಗೆ ಅದನ್ನು ಕಳಚಿ ನನ್ನ ಕೈಗಿಟ್ಟು, ನಾನು ಕೇಳುವ ಮೊದಲೇ ಭೂತಗನ್ನಡಿ ಚಾಚಿದ. ಬ್ಯಾಟರಿಯ ಬೆನ್ನಿನ ಮೇಲೆ ಕೊರೆದಿದ್ದ ಸಣ್ಣ ಅಂಕಿಗಳನ್ನು ಗಟ್ಟಿಯಾಗಿ ಓದಿದೆ. ತಯಾರಾದದ್ದು ಈ ವರ್ಷ. ನಾಲ್ಕು ತಿಂಗಳ ಹಿಂದೆ.

“ಸಾರ್, ಈ ಯಂತ್ರದ ರಿಪೇರಿ ಪುಸ್ತಕದಲ್ಲಿ ಕೊನೇ ಸಲ ಬಿಚ್ಚಿದ್ದು ಯಾವಾಗ ಅಂತಿದೆ?”

“ಏಳು ವರ್ಷದ ಹಿಂದೆ ಅಮ್ಮಾ.”

“ಹಾಗಾದ್ರೆ ಬರೀರಿ. ಏಳು ವರ್ಷ ಯಾರೂ ಮುಟ್ಟದ ಪೆಟ್ಟಿಗೆ ಒಳಗೆ ನಾಲ್ಕು ತಿಂಗಳ ಕೂಸು. ಇದ್ದದ್ದು ಇದ್ದ ಹಾಗೆ ಬರೀರಿ.”

ಯಥಾಪ್ರತಿಯವರು ಬರೆದರು. ಎಂದಿಗಿಂತ ನಿಧಾನವಾಗಿ ಬರೆದರು.

ಬಾಗಿಲು ತೆರೆದುಕೊಂಡದ್ದು ಆಗ. ಮುಖ್ಯಸ್ಥರು ಬಂದರು. ಬಿಳಿಯ ಕೋಟು, ಜೇಬಿನಲ್ಲಿ ಮೂರು ಪೆನ್ನು, ಒಂದಕ್ಕೂ ಮುಚ್ಚಳ ತೆಗೆದಂತೆ ಕಾಣಲಿಲ್ಲ.

“ಯಾರ ಅಪ್ಪಣೆ ತಗೊಂಡು ಬಿಚ್ಚಿದ್ರಿ ಇದನ್ನ?”

“ಬಿಚ್ಚಬೇಡಿ ಅಂತ ಯಾರ ಅಪ್ಪಣೆಯೂ ಇರಲಿಲ್ಲ,” ಎಂದೆ.

“ಇದು ಸಾಕ್ಷಿ ನಾಶ! ನೋಡಿ ಅಮ್ಮಾ, ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಒಳಗೆ ಬಿಟ್ಟಿದೀನಿ...”

“ನನ್ನ ವಯಸ್ಸಿಗೆ ಬೇಡ ಸಾರ್. ಆಸ್ಪತ್ರೇಲಿ ಮಲಗಿರೋ ಆ ಮಕ್ಕಳ ವಯಸ್ಸಿಗೆ ಕೊಡಿ.”

ಅವರ ಮುಖ ಕೆಂಪಾಯಿತು. “ಮಕ್ಕಳನ್ನ ಮಲಗಿಸಿದ್ದು ಯಾರು? ನಿಮ್ಮ ಹುಡುಗಿ. ಹನ್ನೆರಡನೇ ತಾರೀಖು, ಬೆಳಗ್ಗೆ ಹತ್ತೂ ಕಾಲು. ಆ ಹೊತ್ತಿಗೆ ಇಲ್ಲಿ ಅವಳೊಬ್ಬಳೇ ಇದ್ದಿದ್ದು. ಫೈಲಿನ ಮೇಲೆ ಹೊತ್ತು ಬಿದ್ದಿದೆ. ಮನುಷ್ಯರು ಸುಳ್ಳು ಹೇಳಬಹುದು, ಯಂತ್ರ ಹೇಳಲ್ಲ.”

“ಯಂತ್ರ ಸುಳ್ಳು ಹೇಳಲ್ಲ, ನಿಜ. ಹೇಳಿಕೊಟ್ಟಿದ್ದನ್ನ ಹೇಳುತ್ತೆ. ಈ ಮುದುಕನಿಗೆ ದಿನಾ ಬೆಳಗ್ಗೆ ಇವತ್ತು ಯಾವ ತಾರೀಖು ಅಂತ ಹೇಳಿಕೊಡ್ತಿದ್ರು. ಇವತ್ತು ಹನ್ನೆರಡು ಅಂತ ಯಾರು ಹೇಳಿಕೊಟ್ರೂ ಹೂಂ ಅಂತಿತ್ತು.”

“ಗಡಿಯಾರ ಸರಿಯಾಗಿದೆ ಅಂತ ನಾನೇ ಪರೀಕ್ಷೆ ಮಾಡಿ ಬರೆದುಕೊಟ್ಟಿದೀನಿ.”

“ಯಾವಾಗ ಪರೀಕ್ಷೆ ಮಾಡಿದ್ರಿ?”

“ಇಪ್ಪತ್ತೊಂದಕ್ಕೆ. ಕಂಪ್ಯೂಟರ್ ಕೈಕೊಡೋ ಮೊದಲು.”

“ಅದಕ್ಕೂ ಮೊದಲು ಒಂದು ದಿನವಾದ್ರೂ ನೀವೇ ಇದರ ಗುಂಡಿ ಒತ್ತಿದೀರಾ? ಬೆಳಗ್ಗೆ ಮೊದಲು ಬಂದು?”

ಅವರು ಜೇಬಿನ ಪೆನ್ನುಗಳನ್ನು ಸರಿಪಡಿಸಿಕೊಂಡರು. ನನಗೆ ಉತ್ತರ ಸಿಕ್ಕಿತು. ಹನ್ನೊಂದು ಗಂಟೆಗೆ ಬರುವ ಮನುಷ್ಯನಿಗೆ ಎಂಟೂವರೆಯ ಕಷ್ಟ ಗೊತ್ತಿರುವುದಿಲ್ಲ. ಏಳು ವರ್ಷ ತನ್ನ ಕೈಕೆಳಗಿನವರು ದಿನಾ ಮಾಡಿದ ಕೆಲಸ ಇವರ ಕಣ್ಣಿಗೇ ಬಿದ್ದಿರಲಿಲ್ಲ. ಕಣ್ಣಿಗೆ ಬೀಳದ್ದನ್ನು ‘ಇರಲೇ ಇಲ್ಲ’ ಎಂದು ಸಹಿ ಹಾಕಿ ಬರೆದುಕೊಟ್ಟಿದ್ದರು. ಒಬ್ಬ ಹೆಣ್ಣುಮಗಳ ಅನ್ನ, ಮಾನ ಎರಡೂ ಅದರ ಮೇಲೆ ನಿಂತಿದೆ ಎಂದು ಗೊತ್ತಿದ್ದೂ ಬರೆದುಕೊಟ್ಟಿದ್ದರು!

ನಾನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ.

“ಬೆಸುಗೆ, ಎಬ್ಬಿಸು ಇದನ್ನ.”

ಅವನು ಬ್ಯಾಟರಿಯನ್ನು ಮತ್ತೆ ಕೂರಿಸಿ ಕರೆಂಟ್ ಹಾಕಿದ. ಈ ಸಲ ಪಾಸ್‌ವರ್ಡ್ ಕೇಳಲಿಲ್ಲ. ನೀಲಿ ಪರದೆ ತಾನಾಗಿಯೇ ಬಾಯಿಬಿಟ್ಟಿತು. ತಾರೀಖಿನ ಜಾಗದಲ್ಲಿ ಯಾವುದೋ ಹಳೆಯ ವರ್ಷದ ಜನವರಿ ಒಂದು.

“ನೋಡಿ ಸಾರ್,” ಎಂದೆ. “ನನ್ನ ಮಗಳು ಕಟ್ಟಿದ ಕಥೆ.”

ಬೆಸುಗೆ ಪಟ್ಟಿ ತೆರೆದು ಪೆನ್‌ಡ್ರೈವನ್ನು ಎಲ್ಲಕ್ಕಿಂತ ಮೇಲೆ ತಂದ. ಉಳಿಸಿ ಹೊರಬಂದ. ಪುಟ್ಟ ದೀಪ ಮಿನುಗತೊಡಗಿತು. ಎರಡು ಸಲವಲ್ಲ, ನಿಲ್ಲದೆ. ಕಪ್ಪು ಪರದೆಯ ಮೇಲೆ ಅಕ್ಷರಗಳು ಇರುವೆ ಸಾಲಿನಂತೆ ಹರಿದವು. ಹೊರಗಿನ ಮೆಟ್ಟಿಲಿನಿಂದ ನನ್ನ ಮಗಳು ಎದ್ದು ಕಿಟಕಿಗೆ ಬಂದು ನಿಂತದ್ದು ಕಣ್ಣಂಚಿನಲ್ಲಿ ಕಂಡಿತು.

ಕಂಪ್ಯೂಟರ್ ಎದ್ದಿತು.

ಪರದೆಯ ಮೇಲೆ ವರದಿಗಳ ಕಪಾಟು ತೆರೆಯಿತು. ಬೆಸುಗೆ ಹನ್ನೆರಡನೆಯ ತಾರೀಖಿನ ಫೈಲಿನ ಮೇಲೆ ಬಾಣದ ಗುರುತು ತಂದು ನಿಲ್ಲಿಸಿದ. ಶಾಲೆಯ ತೊಟ್ಟಿ. ಯೋಗ್ಯ. ಹತ್ತೂ ಕಾಲು. ಪರೀಕ್ಷಿಸಿದವರ ಜಾಗದಲ್ಲಿ ನನ್ನ ಮಗಳ ಹೆಸರು.

“ಆಯಿತಲ್ಲ?” ಎಂದರು ಮುಖ್ಯಸ್ಥರು. ದನಿಯಲ್ಲಿ ಗೆಲುವು. “ಇಷ್ಟಕ್ಕೆ ಇಷ್ಟೆಲ್ಲ ರಾಮಾಯಣ.”

ನನ್ನ ಕಣ್ಣು ತಾರೀಖಿನ ಮೇಲಿರಲಿಲ್ಲ. ಪ್ರತಿ ಫೈಲಿನ ಹೆಸರಿನ ಕೊನೆಗೂ ಒಂದು ಅಂಕಿಯಿತ್ತು. “ಈ ಅಂಕಿ ಏನು?”

“ಅಳೆಯೋ ಯಂತ್ರ ಕೊಡೋ ಕ್ರಮಸಂಖ್ಯೆ,” ಎಂದರು ಯಥಾಪ್ರತಿ. “ವರದಿ ಉಳಿಸಿದ ಹಾಗೆಲ್ಲ ಒಂದೊಂದೇ ಏರುತ್ತೆ. ಅದನ್ನ ನಾವು ತುಂಬೋ ಹಾಗಿಲ್ಲ.”

“ತಾರೀಖು ಬದಲಾಯಿಸಿದ್ರೆ?”

“ಅದಕ್ಕೆ ತಾರೀಖಿನ ಗೊಡವೆ ಇಲ್ಲಮ್ಮಾ. ಮುಂದಿನದು ಮುಂದಿನದೇ.”

ನಾನು ಪರದೆಗೆ ಬೆರಳಿಟ್ಟು ಒಂದೊಂದೇ ಓದಿದೆ. ಹನ್ನೊಂದನೆಯ ತಾರೀಖಿನ ಕೊನೆಯ ವರದಿ ನಾಲ್ಕುನೂರ ಹದಿನಾರು. ಹದಿಮೂರನೆಯ ತಾರೀಖಿನ ಮೊದಲನೆಯದು ನಾಲ್ಕುನೂರ ಹದಿನೆಂಟು. ಅಲ್ಲಿಂದ ಏರುತ್ತಾ ಏರುತ್ತಾ ಹದಿನೆಂಟನೆಯ ತಾರೀಖಿನ ಕೊನೆಗೆ ನಾಲ್ಕುನೂರ ಮೂವತ್ತು. ಇಪ್ಪತ್ತರ ಬೆಳಗಿನದು ನಾಲ್ಕುನೂರ ಮೂವತ್ತೆರಡು.

ಹನ್ನೆರಡನೆಯ ತಾರೀಖಿನ ಶಾಲೆಯ ತೊಟ್ಟಿಯದು, ನಾಲ್ಕುನೂರ ಮೂವತ್ತೊಂದು.

“ತಮ್ಮ ಹುಟ್ಟೋ ಮೊದಲು ಅಣ್ಣ ಹುಟ್ಟಬೇಕು ಅಲ್ವಾ ಸಾರ್?” ಎಂದೆ. “ಹನ್ನೆರಡಕ್ಕೆ ಹುಟ್ಟಿದ ಈ ಅಣ್ಣ ಹದಿನೆಂಟಕ್ಕೆ ಹುಟ್ಟಿದ ತಮ್ಮನಿಗಿಂತ ಚಿಕ್ಕವನು ಹೇಗಾದ? ಆವತ್ತು ನಿಜವಾಗಿ ಹುಟ್ಟಿದವನು ನಾಲ್ಕುನೂರ ಹದಿನೇಳು. ಅಯೋಗ್ಯ ಅಂತ ಅವಳು ಬರೆದ ವರದಿ. ಎಲ್ಲಿ ಅದು? ಯಾರು ಅಳಿಸಿದ್ದು?”

ಮುಖ್ಯಸ್ಥರು ಪರದೆಯ ಹತ್ತಿರ ಬಗ್ಗಿದರು. ಎರಡು ಸಲ ಎಣಿಸಿದರು. ಅವರ ಮುಖದಲ್ಲಿ ನಾನು ಭಯವನ್ನು ಹುಡುಕಿದೆ. ಅಲ್ಲಿದ್ದದ್ದು ಬರೀ ಅಚ್ಚರಿ. ಪಾಠ ಓದದೆ ಬಂದ ಹುಡುಗನ ಅಚ್ಚರಿ. ಅದು ನನಗೆ ಯಾಕೋ ಹಿಡಿಸಲಿಲ್ಲ.

ಅವರು ನೆಟ್ಟಗಾದರು. “ಹದಿನೆಂಟರ ಸಂಜೆಗೂ ಇಪ್ಪತ್ತರ ಬೆಳಗ್ಗೆಗೂ ನಡುವೆ ಇರೋದು ಹತ್ತೊಂಬತ್ತು. ಆವತ್ತು ವಾರದ ರಜೆ. ಬಾಗಿಲಿಗೆ ಬೀಗ. ಕೀಲಿ ಇರೋದು ಮೂರು ಜನರ ಹತ್ತಿರ. ನಾನು, ಈ ಗುಮಾಸ್ತರು, ಮತ್ತೆ ನಿಮ್ಮ ಹುಡುಗಿ. ಹತ್ತೊಂಬತ್ತಕ್ಕೆ ನಾನು ಊರಲ್ಲೇ ಇರಲಿಲ್ಲ. ಪಕ್ಕದೂರಲ್ಲಿ ಸಭೆ, ನೂರು ಜನ ನೋಡಿದಾರೆ.” ಅವರ ದನಿ ತಗ್ಗಿತು. “ಅವಳು ಎಲ್ಲಿದ್ಲು ಅಮ್ಮಾ?”

ಹತ್ತೊಂಬತ್ತರಂದು ನಾನು ಆಸ್ಪತ್ರೆಗೆ ಹೋಗಿದ್ದೆ, ಮಕ್ಕಳನ್ನು ನೋಡಲು. ಅವಳು ತಲೆನೋವೆಂದು ಮನೆಯಲ್ಲೇ ಮಲಗಿದ್ದಳು. ಒಬ್ಬಳೇ.

“ಮೂರು ಗಂಟೆಗೆ ಇದನ್ನೇ ಕೇಳ್ತಾರೆ,” ಎಂದರು. “ಅಂಕಿ ತಪ್ಪಿದೆ ಅನ್ನೋದನ್ನ ನಾನು ಇಲ್ಲ ಅನ್ನಲ್ಲ. ತಪ್ಪಿಸಿದ್ದು ಯಾರು ಅಂತ ನೀವು ಹೇಳಿ.”

ಮುಖ್ಯಸ್ಥರು ಹೊರಟರು, ಬಾಗಿಲು ಹಾಕಿಕೊಂಡಿತು. ಯಥಾಪ್ರತಿಯವರು ಪುಸ್ತಕ ಮಡಚಿ, ಬರೆದದ್ದನ್ನು ಟೈಪ್ ಮಾಡಿಸಿ ತರುತ್ತೇನೆ ಎಂದು ಎದ್ದರು. ಹೋಗುವ ಮುನ್ನ ಫ್ಯಾನಿನ ವೇಗ ಒಂದು ಅಂಕಿ ಏರಿಸಿದರು. ಕೀಲಿಗೊಂಚಲನ್ನು ಜೇಬಿಗೆ ಹಾಕಿಕೊಂಡರು.

ಎರಡು ಗಂಟೆಯಾಗಿತ್ತು. ಬೆಳಗಿನಿಂದ ಹೊಟ್ಟೆಗೆ ಒಂದು ಲೋಟ ನೀರಲ್ಲದೆ ಏನೂ ಬಿದ್ದಿರಲಿಲ್ಲ. ಗೆದ್ದೆವು ಅಂದುಕೊಂಡ ಹೊತ್ತಿಗೇ ಮತ್ತೆ ಅವಳ ತಲೆಯ ಮೇಲೇ ತಂದಿಟ್ಟರಲ್ಲ ಎಂದು ರೋಷದಿಂದ ಕಣ್ಣು ಮಂಜಾಯಿತು. ಪುಸ್ತಕ ಸಿಕ್ಕರೆ ಸಾಕಿತ್ತು. ಅದೂ ಇಲ್ಲವಾದರೆ, ಆವತ್ತು ಈ ಬ್ಯಾಟರಿ ಹಾಕಿದವನು ಸಿಕ್ಕರೆ ಸಾಕಿತ್ತು. ಅವನನ್ನು ಇಲ್ಲಿಗೆ ಕರೆತಂದವರು ಯಾರೋ ಅವರೇ ಕಳ್ಳರು.

ಬೆಸುಗೆ ಪೆಟ್ಟಿಗೆ ಮುಚ್ಚಲು ಸಿದ್ಧಮಾಡುತ್ತಿದ್ದ. ಒಳಗೆ ಸಡಿಲವಾಗಿ ನೇತಾಡುತ್ತಿದ್ದ ವೈರುಗಳನ್ನು ಒಟ್ಟು ಹಿಡಿದು, ಚೀಲದಿಂದ ನೀಲಿ ದಾರದ ಉಂಡೆ ತೆಗೆದು ಕಟ್ಟತೊಡಗಿದ. ಎರಡು ಸುತ್ತು. ಒಂದು ಒಳಗಂಟು. ಬಾಲವನ್ನು ಹಿಂದಕ್ಕೆ ಮಡಚಿ ಸಿಕ್ಕಿಸಿದ. ನನ್ನ ತಂದೆ ರೇಡಿಯೋದ ವೈರುಗಳನ್ನು ಹಾಗೆ ಕಟ್ಟುತ್ತಿದ್ದರು. ನಾನು ಶಾಲೆಯಲ್ಲಿ ಮಕ್ಕಳಿಗೆ ಹಾಗೆ ಕಲಿಸಿದ್ದೆ. ಕಟ್ಟಿಯಾದ ಮೇಲೆ ಅವನು ಅಂಗೈಯಗಲದ ಬಟ್ಟೆ ತೆಗೆದು, ಕೈತಾಗಿದ ಜಾಗವನ್ನೆಲ್ಲ ಒರೆಸಿದ. ಕೆಲಸ ಮುಗಿದ ಮೇಲೆ ಜಾಗ ಮೊದಲಿಗಿಂತ ಚೊಕ್ಕವಾಗಿರಬೇಕು. ಅದೂ ನಾನು ಕಲಿಸಿದ್ದೇ.

ನೆಲದ ಮೇಲೆ, ಬೆಳಗ್ಗೆ ಅವನು ಅವಸರದಲ್ಲಿ ಕತ್ತರಿಸಿದ್ದ ದಾರದ ತುಂಡು ಬಿದ್ದಿತ್ತು. ಬಗ್ಗಿ ಎತ್ತಿಕೊಂಡೆ.

ನೀಲಿ ದಾರ. ಎರಡು ಸುತ್ತು. ಒಂದು ಒಳಗಂಟು. ಬಾಲ ಹಿಂದಕ್ಕೆ ಮಡಚಿ ಸಿಕ್ಕಿಸಿತ್ತು.

ನೋಡದೆಯೇ ಸರಿಯಾದ ಕಿಂಡಿಗೆ ಹೋದ ಅವನ ಕೈ ಆಗ ನೆನಪಾಯಿತು.

ನನಗೆ ಎಷ್ಟು ಸಿಟ್ಟು ಬಂತೆಂದರೆ, ಕೈಯಲ್ಲಿ ಅಡಿಕೋಲಿದ್ದರೆ ಮೂವತ್ತು ವರ್ಷದ ಹಿಂದಿನ ಹಾಗೆ ಅಂಗೈ ಚಾಚು ಎನ್ನುತ್ತಿದ್ದೆ. ಮೂರೂವರೆ ಗಂಟೆ! ಹೊರಗೆ ಒಂದು ಜೀವ ಬಿಸಿಲಲ್ಲಿ ಮೆಟ್ಟಿಲ ಮೇಲೆ ಬೇಯುತ್ತಿದ್ದರೆ ಇವನು ಮೂರೂವರೆ ಗಂಟೆ ನನ್ನ ಪಕ್ಕದಲ್ಲಿ ಮಂಡಿಯೂರಿ, ತಾನೇ ಹಾಕಿದ ಬ್ಯಾಟರಿಯನ್ನು ನನಗೆ ಭೂತಗನ್ನಡಿಯಲ್ಲಿ ತೋರಿಸಿದ್ದ.

ತೋರಿಸಿದ್ದ. ಆ ಮಾತು ಅಲ್ಲೇ ನಿಂತಿತು. ಪೆಟ್ಟಿಗೆ ಬಿಚ್ಚೋಣ ಎಂದವನು ಇವನೇ. ಬಾಯಲ್ಲಿ ಹೇಳ‌ಲಾರದ್ದನ್ನು ಕೈಯಲ್ಲಿ ಹೇಳುತ್ತಾ ಬಂದಿದ್ದ.

ದಾರದ ತುಂಡನ್ನು ಅವನ ಮುಂದೆ ಹಿಡಿದೆ.

ಅವನು ನೋಡಿದ. ಅವನ ಕಿವಿ ಕೆಂಪಾಯಿತು. ಬೆಂಚು ಸುಟ್ಟ ದಿನವೂ ಹೀಗೇ ಆಗಿತ್ತು.

“ಗಡಿಯಾರ ನಿಲ್ತಿದೆ, ಬ್ಯಾಟರಿ ಹಾಕಿಕೊಡು ಅಂದ್ರು ಟೀಚರ್. ರಜೆ ದಿನ ಬಾ, ಕೆಲಸಕ್ಕೆ ಅಡ್ಡಿಯಾಗಲ್ಲ ಅಂದ್ರು. ಹಾಕಿಕೊಟ್ಟು ಹೋದೆ. ಫೈಲಿಂದು ನನಗೇನೂ ಗೊತ್ತಿರಲಿಲ್ಲ. ಮಕ್ಕಳ ಮೇಲಾಣೆ.”

“ನಿನ್ನೆ ಫೋನಲ್ಲೇ ಹೇಳೋಕೆ ಏನಾಗಿತ್ತು?”

“ನೀವು ನಂಬ್ತಿರಲಿಲ್ಲ. ಕಣ್ಣಾರೆ ನೋಡಿದ ಮೇಲಾದ್ರೆ...”

“ಮುಖ್ಯಸ್ಥರ ಹೆಸರು ಹೇಳೋಕೆ ಇಷ್ಟು ಅಂಜಿಕೆನಾ? ಮೂರು ಗಂಟೆಗೆ ನನ್ನ ಜೊತೆ ಬಂದು ಹೇಳ್ತೀಯ. ಕಿವಿ ಹಿಡಿದಾದ್ರೂ ಕರ್ಕೊಂಡು ಹೋಗ್ತೀನಿ.”

“ಬರ್ತೀನಿ. ಹೇಳ್ತೀನಿ.” ಅವನು ಕಿಟಕಿಯ ಕಡೆ ನೋಡಿದ. “ಆದ್ರೆ ಕರೆದದ್ದು ಸಾಹೇಬ್ರಲ್ಲ, ಟೀಚರ್.”

ನಾನೂ ಕಿಟಕಿಯ ಕಡೆ ತಿರುಗಿದೆ. ಹೊರಗೆ ಮೆಟ್ಟಿಲ ಮೇಲೆ ನನ್ನ ಮಗಳು ಕೂತಿದ್ದಳು. ಟೈಪ್ ಮಾಡಿಸಲು ಹೋದವರು ಇನ್ನೂ ಹೋಗಿರಲಿಲ್ಲ. ಯಥಾಪ್ರತಿಯವರು ಒಂದು ಕುರ್ಚಿಯನ್ನು ತಾವೇ ಎತ್ತಿ ತಂದು ಅವಳ ಪಕ್ಕ ಇಟ್ಟು, ಬಗ್ಗಿ, ತೊಳೆದ ಲೋಟದಲ್ಲಿ ನೀರು ಕೊಡುತ್ತಿದ್ದರು. ಅವಳು ತಲೆ ಎತ್ತಿ ಅವರನ್ನು ನೋಡಿ ಏನೋ ಹೇಳಿದಳು.

ಮೂರು ಕೀಲಿಗಳಲ್ಲಿ ಮುಖ್ಯಸ್ಥರದೊಂದು ಹೋದರೆ ಉಳಿದದ್ದು ಎರಡು. ಎರಡೂ ನನ್ನ ಕಣ್ಣೆದುರಿಗಿದ್ದವು.

“ಯಾರೋ?” ಎಂದೆ.

ಬೆಸುಗೆ ಕಿಟಕಿಗೆ ಬೆನ್ನು ಮಾಡಿ ಕೂತ. ಚೀಲದ ತಳದಿಂದ ಎರಡಂತಸ್ತಿನ ಡಬ್ಬಿ ತೆಗೆದ. ಅವನ ಹೆಂಡತಿ ಅವನಿಗೆಂದು ಕಟ್ಟಿದ್ದು. ಮುಚ್ಚಳ ಬಿಚ್ಚಿ, ಪೆಟ್ಟಿಗೆ ಒರೆಸಿದ ಅದೇ ಬಟ್ಟೆಯ ಶುಚಿಯಾದ ಮಗ್ಗುಲನ್ನು ನನ್ನ ತೊಡೆಯ ಮೇಲೆ ಹಾಸಿದ.

“ಮೊದಲು ಊಟ ಮಾಡಿ, ಟೀಚರ್,” ಎಂದ. “ಹೆಸರು ಕೇಳಿದ ಮೇಲೆ ನಿಮಗೆ ತುತ್ತು ಇಳಿಯಲ್ಲ.”

ಇನ್ನೂ ಬೆಚ್ಚಗಿದ್ದ ಡಬ್ಬಿಯನ್ನು ಮೆಲ್ಲಗೆ ನನ್ನ ಕೈಗಿಟ್ಟ.